ಪೋಲಿಷ್ ಮಾತನಾಡುವವರಿಗೆ ಇಂಗ್ಲಿಷಿನ ‘ಟೇಕ್’ ಕಲಿಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಕ್ರಾಕೋವ್ ನಗರದಲ್ಲಿ ನಾನು ಕಳೆದ ಮೊದಲ ಚಳಿಗಾಲದಲ್ಲಿ, ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದ ಹುಡುಗನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲು ತೆರೆದ ಅವನ ತಾಯಿ ತುಂಬು ವಿಶ್ವಾಸದಿಂದ ನಗುತ್ತ, ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ‘ಪ್ಲೀಸ್, ಅನ್‌ಡ್ರೆಸ್’ ಎಂದರು. ಬಟ್ಟೆ ಬಿಚ್ಚಿ ಎಂಬ ಆ ಮಾತಿಗೆ ಏನು ಮಾಡಬೇಕೆಂದು ತೋಚದೆ ಹೊಸ್ತಿಲಲ್ಲೇ ನಿಂತೆ. ಅವರು ಗೋಡೆಯ ಗೂಟದ ಕಡೆ ಕೈ ತೋರಿಸಿದ ಮೇಲಷ್ಟೇ, ಕೋಟು ತೆಗೆದು ಅಲ್ಲಿ ತೂಗುಹಾಕಿ ಎನ್ನುತ್ತಿದ್ದಾರೆಂದು ಹೊಳೆಯಿತು. ಅಲ್ಲಿನ ಮನೆಗಳಲ್ಲಿ ಚಳಿಯಿಂದ ಒಳಬಂದವರಿಗೆ ‘ಪ್ರೊಶೆ ಶೆ ರೊಜೆಬ್ರಾಚ್’ ಎನ್ನುವುದು, ನಮ್ಮಲ್ಲಿ ‘ಬನ್ನಿ, ಕೈಕಾಲು ತೊಳೆದುಕೊಳ್ಳಿ’ ಎನ್ನುವಷ್ಟೇ ಸಹಜ.

ಆ ‘ರೊಜೆಬ್ರಾಚ್’ ಪದವನ್ನು ಒಡೆದರೆ ಒಳಗೆ ‘ಬ್ರಾಚ್’ ಸಿಗುತ್ತದೆ, ಮತ್ತು ಬ್ರಾಚ್ ಎಂದರೆ ತೆಗೆದುಕೊಳ್ಳುವುದು. ಅಂದರೆ ಆ ತಾಯಿಯ ಬಾಯಲ್ಲಿ ‘ಟೇಕ್’ ಆಗಲೇ ಇತ್ತು. ಅದರ ಜೊತೆಗಿರಬೇಕಾದ ಪುಟ್ಟ ಪದವೂ, ಅಂದರೆ ‘ಟೇಕ್ ಆಫ್’ (ಕಳಚು) ಎಂಬಲ್ಲಿನ ‘ಆಫ್’ನಂಥದ್ದು, ‘ರೊಜೆ’ ಎಂಬ ರೂಪದಲ್ಲಿ ಇತ್ತು. ಇಂಗ್ಲಿಷಿನಲ್ಲಿ ಆ ಪುಟ್ಟ ಪದ ಕ್ರಿಯಾಪದದ ಹಿಂದೆ ಬಿಡಿಯಾಗಿ ಬರುತ್ತದೆ, ಪೋಲಿಷಿನಲ್ಲಿ ಮುಂದೆ ಅಂಟಿಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ. ಪೋಲಿಷ್ ಭಾಷಿಕರಿಗೆ ಫ್ರೇಸಲ್ ವರ್ಬ್‌ಗಳು (ಹೀಗೆ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಆದ ಜೋಡಿಗಳು) ಹೊಚ್ಚಹೊಸ ಸಂಗತಿ ಎಂಬಂತೆ ಪಟ್ಟಿ ಕೊಟ್ಟು ಉರುಹೊಡೆಸುವುದು ದಂಡ ಎಂಬುದು ಕೆಲವು ವರ್ಷಗಳ ಪಾಠದಿಂದ ನನಗೆ ಮನದಟ್ಟಾದ ವಿಷಯ. ಅವರಲ್ಲಿ ಇರುವುದನ್ನೇ ಜಾಗ ಬದಲಿಸಿ ತೋರಿಸಬೇಕು. ಆನ್‌ಲೈನಿನಲ್ಲಿ ಪೋಲಿಷ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಅಥವಾ ಆ ದೇಶದಲ್ಲಿ ನೆಲೆಸಿ ಸಹೋದ್ಯೋಗಿಗಳಿಗೆ ನೆರವಾಗುವ ಕನ್ನಡಿಗರಿಗಾಗಿ ಆ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಪೋಲಿಷ್ ಪದಗಳನ್ನು ಕಿವಿಗೆ ಕೇಳುವಷ್ಟು ಮಟ್ಟಿಗೆ ಕನ್ನಡ ಲಿಪಿಗೆ ಇಳಿಸಿದ್ದೇನೆ; ‘ಜ’ ಇರುವ ಕಡೆ ಬಹುತೇಕ ಜೀಬ್ರಾದ ಜಕಾರವನ್ನು ಓದಿಕೊಳ್ಳಬೇಕು.

ಹಂತ 1: ಎದುರಿಗೆ ಕೂತವರು ಯಾರೆಂದು ತಿಳಿಯಿರಿ

ಕಮ್ಯುನಿಸ್ಟ್ ಆಳ್ವಿಕೆ 1989ರಲ್ಲಿ ಕೊನೆಗೊಳ್ಳುವವರೆಗೆ ಪೋಲೆಂಡಿನ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಆ ಕಾಲದಲ್ಲಿ ಓದಿದವರಿಗೆ ಇಂಗ್ಲಿಷ್ ತಡವಾಗಿ ಬಂದ ಭಾಷೆ; ಆದರೆ ಕ್ರಿಯಾಪದದ ಮುಂದೆ ಅಂಟುವ ಉಪಸರ್ಗಗಳನ್ನು ಅವರು ಎರಡು ಭಾಷೆಗಳಲ್ಲಿ ಕಂಡವರಾದ್ದರಿಂದ ಈ ವಿಧಾನ ಅವರಿಗೆ ಬೇಗ ಹಿಡಿಸುತ್ತದೆ. ‘ಮಾತುರಾ’ ಎಂಬ ಶಾಲಾಂತ್ಯದ ಪರೀಕ್ಷೆಗೆ ಓದುವ ಹದಿಹರೆಯದವರ ಸಮಸ್ಯೆ ಬೇರೆ: ಪುಸ್ತಕದ ಪಟ್ಟಿ ಬಾಯಿಪಾಠವಾಗಿರುತ್ತದೆ, ಮಾತಿನಲ್ಲಿ ಒಂದೂ ಬರುವುದಿಲ್ಲ. ಪೋಲೆಂಡ್ 2004ರ ಮೇ 1ರಂದು ಐರೋಪ್ಯ ಒಕ್ಕೂಟ ಸೇರಿದ ಬಳಿಕ ಬ್ರಿಟನ್ನಿಗೆ ಕೆಲಸಕ್ಕೆ ಹೋದವರದು ಮೂರನೆಯ ಬಗೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 6,12,000 ಜನ ಪೋಲಿಷನ್ನು ತಮ್ಮ ಮುಖ್ಯ ಭಾಷೆಯೆಂದು ದಾಖಲಿಸಿದ್ದಾರೆ. ಇಂಗ್ಲಿಷ್ ಬಿಟ್ಟರೆ ಅಲ್ಲಿ ಅದೇ ಅತಿ ದೊಡ್ಡ ಸಂಖ್ಯೆ. ಇವರು ‘ಟೇಕ್ ಔಟ್’, ‘ಟೇಕ್ ಓವರ್’ ಎಲ್ಲವನ್ನೂ ಕೆಲಸದ ಜಾಗದಲ್ಲಿ ಕಿವಿಯಿಂದ ಕಲಿತಿರುತ್ತಾರೆ, ಬರೆಯಲು ಹೇಳಿದರೆ ತಡವರಿಸುತ್ತಾರೆ. ಮೊದಲ ಭೇಟಿಯಲ್ಲಿ ಹತ್ತು ನಿಮಿಷ ಮಾತನಾಡಿಸಿದರೆ ಮೂವರಲ್ಲಿ ಯಾರೆಂಬುದು ಗೊತ್ತಾಗುತ್ತದೆ.

ಹಂತ 2: ಉಪಸರ್ಗದ ಆಟವನ್ನು ಮೊದಲು ನೀವು ಅರ್ಥಮಾಡಿಕೊಳ್ಳಿ

ಇದಕ್ಕೆ ಪೋಲಿಷ್ ಬರಲೇಬೇಕೆಂದಿಲ್ಲ. ಶಾಲೆಯಲ್ಲಿ ಕಲಿತ ವ್ಯಾಕರಣ ಸಾಕು. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಐದು ಪದಗಳನ್ನು ಮೇಷ್ಟ್ರು ಸಾಲಾಗಿ ಹೇಳಿಸುತ್ತಿದ್ದುದು ನೆನಪಿರಬಹುದು. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬುದಕ್ಕೆ ಅದು ಹಳೆಯ ಸಂಸ್ಕೃತ ಶ್ಲೋಕವೊಂದರ ಉದಾಹರಣೆ. ಐದರಲ್ಲೂ ಇರುವುದು ‘ಹೃ’ ಧಾತು. ಅದರ ಅರ್ಥ ಒಯ್ಯುವುದು, ತೆಗೆದುಕೊಳ್ಳುವುದು. ಕಾಕತಾಳೀಯವೋ ಏನೋ, ನಾವು ಇಲ್ಲಿ ಹಿಡಿದಿರುವ ಕ್ರಿಯಾಪದವೂ ಅದೇ.

ಪೋಲಿಷಿನಲ್ಲಿ ತೆಗೆದುಕೊಳ್ಳುವುದಕ್ಕೆ ಎರಡು ರೂಪಗಳಿವೆ. ಕೆಲಸ ನಡೆಯುತ್ತಿದ್ದರೆ ಅಥವಾ ಪದೇ ಪದೇ ಆಗುತ್ತಿದ್ದರೆ ‘ಬ್ರಾಚ್’, ಒಮ್ಮೆ ಆಗಿ ಮುಗಿದರೆ ‘ವ್ಜ್ಯೊಂಚ್’. ಈ ಎರಡನೆಯದರಲ್ಲಿ ಅಡಗಿರುವ ‘ಯೊಂಚ್’ ಎಂಬ ತುಂಡು ಹಳೆಯ ಸ್ಲಾವಿಕ್ ಭಾಷೆಯಲ್ಲಿ ‘ತೆಗೆದುಕೊಳ್ಳು’ ಎಂಬ ಅರ್ಥದ ಧಾತು. ಇಂದು ಅದು ಆ ಅರ್ಥದಲ್ಲಿ ಒಂಟಿಯಾಗಿ ಬರುವುದಿಲ್ಲ. ಉಪಸರ್ಗ ಹಚ್ಚಿಕೊಂಡು ಹತ್ತಾರು ಪದಗಳಲ್ಲಿ ಬದುಕಿದೆ. ಬೀಗದ ಕೈ ಇರುವುದು ಅಲ್ಲೇ.

ಹಂತ 3: ಯೊಂಚ್ ಕುಟುಂಬವನ್ನು ಹಲಗೆಯ ಮೇಲೆ ಬರೆಯಿರಿ

ಮೊದಲ ಪಾಠದಲ್ಲಿ ಇಂಗ್ಲಿಷ್ ಬರೆಯಲೇಬೇಡಿ. ಪೋಲಿಷ್ ಪದಗಳನ್ನು ಒಂದರ ಕೆಳಗೊಂದು ಬರೆದು, ಉಪಸರ್ಗವನ್ನು ಬೇರೆ ಬಣ್ಣದಲ್ಲಿ ತೋರಿಸಿ. ‘ಜ್’ ಎಂದರೆ ಮೇಲಿನಿಂದ ಆಚೆಗೆ, ಹಾಗಾಗಿ ‘ಜ್ದ್ಯೊಂಚ್’ ಎಂದರೆ ಟೇಕ್ ಆಫ್: ಬೂಟು, ಟೋಪಿ, ಕನ್ನಡಕ ಕಳಚುವುದು. ‘ವಿ’ ಎಂದರೆ ಹೊರಗೆ, ‘ವಿಯೊಂಚ್’ ಎಂದರೆ ಟೇಕ್ ಔಟ್. ‘ಪ್ಶೆ’ ಎಂದರೆ ದಾಟಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ. ‘ಪ್ಶೆಯೊಂಚ್’ ಎಂದರೆ ಟೇಕ್ ಓವರ್, ಅಂದರೆ ಕಂಪನಿಯನ್ನೋ ಅಧಿಕಾರವನ್ನೋ ವಹಿಸಿಕೊಳ್ಳುವುದು. ‘ನಾ’ ಎಂದರೆ ಮೇಲೆ, ಇಂಗ್ಲಿಷಿನ ಆನ್. ‘ನಾಯೊಂಚ್’ ಎಂದರೆ ಆಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು, ಟೇಕ್ ಆನ್. ಈ ಪದ ಈಗ ಸ್ವಲ್ಪ ಹಳೆಯದಾಗಿ ಕೇಳಿಸುತ್ತದೆಂದು ಹುಡುಗರು ನಗಬಹುದು. ನಗಲಿ, ನೆನಪಿನಲ್ಲಿ ಉಳಿಯುತ್ತದೆ. ‘ಜಾಯೊಂಚ್’ ಎಂದರೆ ಸಮಯವನ್ನೋ ಜಾಗವನ್ನೋ ಆಕ್ರಮಿಸುವುದು, ಟೇಕ್ ಅಪ್. ‘ಪೊಯೊಂಚ್’ ಎಂದರೆ ಗ್ರಹಿಸುವುದು, ಟೇಕ್ ಇನ್.

ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುವುದು ‘ಒದ್‌ಯೊಂಚ್’. ‘ಒದ್’ ಎಂದರೆ ಅಲ್ಲಿಂದ ದೂರಕ್ಕೆ. ಪೋಲಿಷ್ ಮಗು ಲೆಕ್ಕ ಹೇಳುವಾಗ ‘ಪ್ಯೆಂಚ್ ಒದ್‌ಯೊಂಚ್ ದ್ವಾ’ ಎನ್ನುತ್ತದೆ, ಇಂಗ್ಲಿಷ್ ಮಗು ‘ಫೈವ್ ಟೇಕ್ ಅವೇ ಟೂ’ ಎನ್ನುತ್ತದೆ. ಐದರಲ್ಲಿ ಎರಡು ಕಳೆದರೆ ಎಂಬ ನಮ್ಮ ಮಾತಿಗೆ ಎರಡೂ ಭಾಷೆಗಳು ಒಂದೇ ಅಚ್ಚಿನ ಪದಗಳನ್ನು ಬಳಸುತ್ತಿವೆ. ಇದನ್ನು ಹಲಗೆಯ ಮೇಲೆ ಬರೆದಾಗ ಯಾರಾದರೊಬ್ಬರು ‘ಆ!’ ಎನ್ನುವುದನ್ನು ಪ್ರತಿ ತಂಡದಲ್ಲೂ ಕೇಳಿದ್ದೇನೆ. ಆ ಉದ್ಗಾರ ಬಂದ ಮೇಲೆಯೇ ಎದುರಿನ ಸಾಲಿನಲ್ಲಿ ಇಂಗ್ಲಿಷ್ ಪದಗಳನ್ನು ಬರೆಯಲು ಶುರುಮಾಡಿ.

ಹಂತ 4: ಇಂಗ್ಲಿಷಿನ ಹಳೆಯ ಮುಖವನ್ನು ತೋರಿಸಿ

‘ಪೊದ್’ ಎಂದರೆ ಕೆಳಗೆ. ‘ಪೊದ್‌ಯೊಂಚ್’ ಎಂದರೆ ಕೆಲಸವನ್ನೋ ನಿರ್ಧಾರವನ್ನೋ ಕೈಗೊಳ್ಳುವುದು. ಇಂಗ್ಲಿಷಿನಲ್ಲಿ ಇದಕ್ಕೆ ಇರುವ ಪದ ‘ಅಂಡರ್‌ಟೇಕ್’. ಕೆಳಗೆ ಎಂಬ ಪದ, ಅದರ ಹಿಂದೆ ಟೇಕ್, ಪೋಲಿಷಿನ ಕ್ರಮದಲ್ಲೇ. ಹಳೆಯ ಇಂಗ್ಲಿಷಿನಲ್ಲಿಯೂ ಇಂಥ ಪದಗಳನ್ನು ಕ್ರಿಯಾಪದದ ಮುಂದೆ ಅಂಟಿಸುವ ರೂಢಿ ಬಲವಾಗಿತ್ತು. ಶತಮಾನಗಳು ಕಳೆದಂತೆ ಅವು ಕಳಚಿಕೊಂಡು ಹಿಂದೆ ಹೋದವು. ಅಂಡರ್‌ಟೇಕ್, ಓವರ್‌ಟೇಕ್ ಅಂಥವು ಆ ಮಾದರಿಯ ಉಳಿಕೆಗಳು. ಅಂದಹಾಗೆ ಟೇಕ್ ಎಂಬುದೇ ಮೂಲತಃ ಇಂಗ್ಲಿಷ್ ಅಲ್ಲ. ವೈಕಿಂಗರ ನಾರ್ಸ್ ಭಾಷೆಯ ‘ತಾಕಾ’ ಬಂದು, ಅಲ್ಲಿಯವರೆಗೆ ಆ ಜಾಗದಲ್ಲಿದ್ದ ‘ನಿಮನ್’ ಎಂಬ ಪದವನ್ನು ಓಡಿಸಿತು.

ಒಂದು ಎಚ್ಚರಿಕೆಯನ್ನು ಇಲ್ಲೇ ಕೊಡಬೇಕು. ಓವರ್‌ಟೇಕ್ ಮತ್ತು ಟೇಕ್ ಓವರ್ ಒಂದೇ ಅಲ್ಲ. ಮೊದಲನೆಯದು ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದಿಕ್ಕುವುದು, ಎರಡನೆಯದು ವಹಿಸಿಕೊಳ್ಳುವುದು. ಅಂಟಿಸಿದರೂ ಬಿಡಿಸಿದರೂ ಅರ್ಥ ಒಂದೇ ಎಂದು ವಿದ್ಯಾರ್ಥಿ ತೀರ್ಮಾನಿಸಿಬಿಟ್ಟರೆ ಕೆಟ್ಟಿತು.

ಹಂತ 5: ಪುಟ್ಟ ಪದದ ಜಾಗವನ್ನು ಕೈಯಿಂದ ಕಲಿಸಿ

ಪೋಲಿಷ್ ಉಪಸರ್ಗ ಎಂದೂ ಕಳಚಿಕೊಳ್ಳುವುದಿಲ್ಲ. ಇಂಗ್ಲಿಷಿನದು ಓಡಾಡುತ್ತದೆ: ‘ಟೇಕ್ ಆಫ್ ಯುವರ್ ಶೂಸ್’ ಸರಿ, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ, ಆದರೆ ಸರ್ವನಾಮ ಬಂದಾಗ ‘ಟೇಕ್ ದೆಮ್ ಆಫ್’ ಮಾತ್ರ ಸರಿ. ‘ಟೇಕ್ ಆಫ್ ದೆಮ್’ ಎಂಬ ತಪ್ಪು ಇವರ ಬಾಯಲ್ಲಿ ಬೇರುಬಿಟ್ಟಿರುತ್ತದೆ, ಏಕೆಂದರೆ ಕ್ರಿಯಾಪದವನ್ನೂ ಅದರ ತುಂಡನ್ನೂ ಬಿಡಿಸುವುದಕ್ಕೆ ಅವರ ಮನಸ್ಸು ಒಪ್ಪುವುದಿಲ್ಲ.

ನಿಯಮ ಹೇಳಿ ಪ್ರಯೋಜನವಿಲ್ಲ. ಚಳಿಗಾಲದ ತರಗತಿಗೆ ಪ್ರತಿಯೊಬ್ಬರೂ ಟೋಪಿ, ಮಫ್ಲರ್, ಕೈಗವಸು ಹಾಕಿಕೊಂಡೇ ಬರುತ್ತಾರೆ. ಅದನ್ನೇ ಪಾಠದ ಸಾಮಗ್ರಿ ಮಾಡಿಕೊಳ್ಳಿ. ಒಬ್ಬರು ಕೈಗವಸು ತೋರಿಸಿ ‘ಟೇಕ್ ದೆಮ್ ಆಫ್’ ಎನ್ನಬೇಕು, ಇನ್ನೊಬ್ಬರು ಕಳಚಬೇಕು. ಮಫ್ಲರಿಗೆ ‘ಟೇಕ್ ಇಟ್ ಆಫ್’. ಟೋಪಿಯ ಸರದಿ ಬಂದಾಗ ಹೊಸಬರಲ್ಲಿ ಯಾರಾದರೂ ‘ಟೇಕ್ ಹರ್ ಆಫ್’ ಎನ್ನಬಹುದು. ಪೋಲಿಷಿನಲ್ಲಿ ಟೋಪಿ ಸ್ತ್ರೀಲಿಂಗ. ಆನ್‌ಲೈನ್ ಪಾಠವಾದರೆ ಕ್ಯಾಮೆರಾ ಮುಂದೆಯೇ ಇದನ್ನು ಮಾಡಿಸಬಹುದು. ಪ್ರತಿ ಸಲವೂ ‘ಆಫ್’ ಬರುವಾಗ ಮೇಜು ತಟ್ಟಿಸಿ, ಏಕೆಂದರೆ ಇಂಥ ವಾಕ್ಯದಲ್ಲಿ ಒತ್ತು ಬೀಳುವುದು ಆ ಕೊನೆಯ ಪುಟ್ಟ ಪದದ ಮೇಲೆ. ವೇಗವಾಗಿ ಹೇಳಿದಾಗ ಮೂರೂ ಬೆಸೆದು ‘ಟೇಕಿಟಾಫ್’ ಎಂದು ಕೇಳಿಸಬೇಕು. ಸಂಧಿ ಮಾಡುವುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒಡೆಯಲಾಗದವೂ ಇವೆ. ‘ಟೇಕ್ ಆಫ್ಟರ್’ ಎಂದರೆ ಅಪ್ಪನನ್ನೋ ಅಮ್ಮನನ್ನೋ ಹೋಲುವುದು, ‘ಟೇಕ್ ಟು’ ಎಂದರೆ ಯಾರನ್ನಾದರೂ ಕಂಡೊಡನೆ ಹಚ್ಚಿಕೊಳ್ಳುವುದು. ಇವುಗಳ ನಡುವೆ ಏನನ್ನೂ ತೂರಿಸುವಂತಿಲ್ಲ. ಇವಕ್ಕೆ ಯೊಂಚ್ ಕುಟುಂಬದಲ್ಲಿ ಜೋಡಿಯೂ ಇಲ್ಲ. ಬಿಡಿಬಿಡಿಯಾಗಿ ವಾಕ್ಯದೊಂದಿಗೇ ಕಲಿಸಿ ಮುಂದೆ ಹೋಗಿ.

ಹಂತ 6: ಟೇಕ್ ಇರಬೇಕಾದ ಕಡೆ ಇಲ್ಲದಿರುವ ತಪ್ಪುಗಳನ್ನು ಹಿಡಿಯಿರಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಚೆನ್ನಾಗಿ ಮಾತನಾಡುವವರಲ್ಲಿಯೂ ಕೊನೆಯವರೆಗೆ ಉಳಿಯುವ ತಪ್ಪುಗಳು ಇವೇ.

ಫೋಟೊ ತೆಗೆಯುವುದಕ್ಕೆ ಪೋಲಿಷರು ‘ಮೇಕ್ ಎ ಫೋಟೊ’ ಎನ್ನುತ್ತಾರೆ, ಅವರ ಭಾಷೆಯಲ್ಲಿ ಫೋಟೊವನ್ನು ‘ಮಾಡುತ್ತಾರೆ’. ಸೋಜಿಗವೆಂದರೆ ಫೋಟೊಕ್ಕೆ ಅವರು ಬಳಸುವ ‘ಜ್ದ್ಯೆಂಚೆ’ ಎಂಬ ನಾಮಪದ ಹುಟ್ಟಿದ್ದೇ ಜ್ದ್ಯೊಂಚ್ ಎಂಬ ಕ್ರಿಯಾಪದದಿಂದ, ಅಂದರೆ ‘ಟೇಕ್ ಆಫ್’ನಿಂದ. ನಾಮಪದದೊಳಗೆ ಆಗಲೇ ‘ತೆಗೆ’ ಕೂತಿದೆಯೆಂದು ತೋರಿಸಿದರೆ ‘ಟೇಕ್ ಎ ಫೋಟೊ’ ಮರೆಯುವುದಿಲ್ಲ. ಕನ್ನಡದಲ್ಲಿ ನಾವೂ ಫೋಟೊ ತೆಗೆಯುವವರೇ ತಾನೇ.

‘ಮ್ಯೆಚ್ ಮ್ಯೆಯ್‌ಸ್ತ್ಸೆ’ ಎಂದರೆ ಅಕ್ಷರಶಃ ಜಾಗ ಹೊಂದಿರುವುದು, ಅರ್ಥ ನಡೆಯುವುದು, ಜರುಗುವುದು. ಆದ್ದರಿಂದ ‘ದ ಮೀಟಿಂಗ್ ಹ್ಯಾಡ್ ಪ್ಲೇಸ್’ ಎಂಬ ವಾಕ್ಯ ಹುಟ್ಟುತ್ತದೆ. ಸರಿಯಾದದ್ದು ‘ಟುಕ್ ಪ್ಲೇಸ್’.

ಪರೀಕ್ಷೆಯ ವಿಷಯ ಇನ್ನೂ ತೊಡಕಿನದು. ‘ಜ್ದಾವಾಚ್’ ಎಂದರೆ ಪರೀಕ್ಷೆ ಬರೆಯುವುದು, ‘ಜ್ದಾಚ್’ ಎಂದರೆ ಪಾಸಾಗುವುದು. ಒಂದೇ ಕ್ರಿಯಾಪದದ ಅಪೂರ್ಣ ಮತ್ತು ಪೂರ್ಣ ರೂಪಗಳಿವು. ನನ್ನ ವಿದ್ಯಾರ್ಥಿನಿಯೊಬ್ಬಳು ‘ನಿನ್ನೆ ಎರಡು ಗಂಟೆ ಪಾಸಾದೆ, ಫಲಿತಾಂಶ ಮುಂದಿನ ವಾರ’ ಎಂಬರ್ಥದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ತಂದಿದ್ದಳು. ‘ಟೇಕ್ ಎನ್ ಎಗ್ಸಾಮ್’ ಒಂದು ಕ್ರಿಯೆ, ‘ಪಾಸ್’ ಇನ್ನೊಂದು ಕ್ರಿಯೆ ಎಂದು ಬಿಡಿಸಿ ಹೇಳಬೇಕು. ಇದರ ಜೊತೆಗೆ, ಪೋಲಿಷಿನಲ್ಲಿ ಬಹುತೇಕ ಪ್ರತಿ ಕ್ರಿಯೆಗೂ ಹೀಗೆ ಎರಡು ರೂಪಗಳಿರುವುದರಿಂದ ಟೇಕ್ ಆಫ್‌ಗೂ ಒಂದು ಜೋಡಿ ಇರಬೇಕೆಂದು ಅವರು ಹುಡುಕುತ್ತಾರೆ. ಜೋಡಿ ಇಲ್ಲ, ಆ ಕೆಲಸವನ್ನು ಇಂಗ್ಲಿಷಿನಲ್ಲಿ ಕ್ರಿಯಾಪದದ ಕಾಲರೂಪಗಳು ಮಾಡುತ್ತವೆ ಎಂದು ಸ್ಪಷ್ಟವಾಗಿ ಹೇಳಿಬಿಡಿ.

ಮಾತಿಗೆ ಮಾತು ತರ್ಜುಮೆ ಮಾಡಿದಾಗ ಟೇಕ್ ಬೇಡದ ಕಡೆಯೂ ನುಗ್ಗುತ್ತದೆ. ಪೋಲಿಷಿನಲ್ಲಿ ಮದುವೆಯನ್ನು ‘ತೆಗೆದುಕೊಳ್ಳುತ್ತಾರೆ’, ‘ವ್ಜ್ಯೊಂಚ್ ಶ್ಲುಪ್’. ಇಂಗ್ಲಿಷಿನಲ್ಲಿ ಅದು ‘ಗೆಟ್ ಮ್ಯಾರೀಡ್’. ಬ್ಯಾಂಕಿನ ಸಾಲಕ್ಕೆ ‘ಕ್ರೆದಿತ್’ ಎನ್ನುತ್ತಾರಾದ್ದರಿಂದ ‘ಐ ಟುಕ್ ಕ್ರೆಡಿಟ್’ ಎನ್ನುತ್ತಾರೆ. ಕೇಳುವವರಿಗೆ ಇದು, ಮಾಡಿದ ಕೆಲಸದ ಹೆಸರು ನನಗೇ ಬರಲಿ ಎಂದು ಕೊಚ್ಚಿಕೊಂಡಂತೆ ಕೇಳಿಸುತ್ತದೆ. ಹೇಳಬೇಕಾದದ್ದು ‘ಐ ಟುಕ್ ಔಟ್ ಎ ಲೋನ್’.

ಹಂತ 7: ನುಡಿಗಟ್ಟುಗಳನ್ನು ಮೂರು ಗುಡ್ಡೆ ಮಾಡಿ

ಚೀಟಿಗಳ ಮೇಲೆ ನುಡಿಗಟ್ಟುಗಳನ್ನು ಬರೆದು ವಿದ್ಯಾರ್ಥಿಗಳಿಂದಲೇ ವಿಂಗಡಣೆ ಮಾಡಿಸಿ. ಮೊದಲ ಗುಡ್ಡೆಯಲ್ಲಿ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವವು: ಪಾಲ್ಗೊಳ್ಳುವುದು ‘ಬ್ರಾಚ್ ಉಜಾವ್’, ಇಂಗ್ಲಿಷಿನಲ್ಲಿ ‘ಟೇಕ್ ಪಾರ್ಟ್’, ಗೂಳಿಯ ಕೊಂಬನ್ನೇ ಹಿಡಿಯುವುದು ಎರಡರಲ್ಲೂ ಅದೇ ಗೂಳಿ, ಅದೇ ಕೊಂಬು, ಮನಸ್ಸಿಗೆ ಹಚ್ಚಿಕೊಳ್ಳುವುದು ಎರಡರಲ್ಲೂ ಹೃದಯಕ್ಕೆ ತೆಗೆದುಕೊಳ್ಳುವುದು. ಇವಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಎರಡನೆಯ ಗುಡ್ಡೆ ರಸವತ್ತಾದದ್ದು: ಟೇಕ್ ಇದೆ, ಚಿತ್ರ ಬೇರೆ. ಕಾಲಿಗೆ ಬುದ್ಧಿ ಹೇಳುವುದಕ್ಕೆ ಪೋಲಿಷರು ‘ವ್ಜ್ಯೊಂಚ್ ನೊಗಿ ಜಾ ಪಾಸ್’ ಎನ್ನುತ್ತಾರೆ, ಅಂದರೆ ಕಾಲುಗಳನ್ನು ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವುದು. ಇಂಗ್ಲಿಷಿನವರು ‘ಟೇಕ್ ಟು ಒನ್ಸ್ ಹೀಲ್ಸ್’ ಎಂದು ಹಿಮ್ಮಡಿಯನ್ನು ನೆಚ್ಚುತ್ತಾರೆ. ಕೇಳಿದ್ದನ್ನು ಪೂರ್ತಿ ನಂಬದೆ ಸೋಸಿ ತೆಗೆದುಕೊಳ್ಳುವುದು ಇಂಗ್ಲಿಷಿನಲ್ಲಿ ಚಿಟಿಕೆ ಉಪ್ಪಿನ ಜೊತೆ, ಪೋಲಿಷಿನಲ್ಲಿ ಅರೆಮುಚ್ಚಿದ ಕಣ್ಣಿನ ಜೊತೆ. ಮೋಸಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ಬಿ ಟೇಕನ್ ಇನ್’, ಪೋಲಿಷಿನಲ್ಲಿ ‘ದಾಚ್ ಶೆ ನಾಬ್ರಾಚ್’. ಅದರಲ್ಲೂ ಬ್ರಾಚ್ ಇದೆ. ನಮ್ಮ ಟೋಪಿ ಹಾಕಿಸಿಕೊಳ್ಳುವುದನ್ನು ಅನುವಾದಿಸಿ ಹೇಳಿದಾಗ ನನ್ನ ತಂಡದವರು ಬಿದ್ದುಬಿದ್ದು ನಕ್ಕಿದ್ದರು, ಟೋಪಿ ತೆಗೆಯುವ ಅಭ್ಯಾಸ ಅಷ್ಟೊತ್ತಿಗೆ ಮುಗಿದಿತ್ತು.

ಮೂರನೆಯ ಗುಡ್ಡೆಯಲ್ಲಿ ಪೋಲಿಷಿಗೆ ಟೇಕ್ ಉಂಟು, ಇಂಗ್ಲಿಷಿಗಿಲ್ಲ. ಎದೆಗುಂದಿದವರಿಗೆ ಅವರು ‘ನಿನ್ನನ್ನು ನೀನು ಮುಷ್ಟಿಯಲ್ಲಿ ತೆಗೆದುಕೋ’ ಎನ್ನುತ್ತಾರೆ; ಇಂಗ್ಲಿಷಿನಲ್ಲಿ ‘ಪುಲ್ ಯುವರ್‌ಸೆಲ್ಫ್ ಟುಗೆದರ್’. ಈ ಚೀಟಿಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.

ಹಂತ 8: ನಿಮ್ಮ ಟೇಕ್ ಅನ್ನೂ ಒಮ್ಮೆ ತಪಾಸಣೆ ಮಾಡಿಕೊಳ್ಳಿ

ನಮ್ಮ ಇಂಗ್ಲಿಷಿನಲ್ಲೂ ಕನ್ನಡದ ‘ತಗೋ’ ಧಾರಾಳವಾಗಿ ಸೇರಿಕೊಂಡಿದೆ. ‘ಡೋಂಟ್ ಟೇಕ್ ಟೆನ್ಷನ್’ ಎಂಬುದು ಬೆಂಗಳೂರಿನಲ್ಲಿ ಸಲೀಸಾಗಿ ನಡೆಯುತ್ತದೆ, ವಾರ್ಸಾದ ಪರೀಕ್ಷಕರು ಅದನ್ನು ತಪ್ಪೆಂದು ಗುರುತುಹಾಕುತ್ತಾರೆ. ‘ಹ್ಯಾವ್ ಯೂ ಟೇಕನ್ ಫುಡ್’ ಕೂಡ ಹಾಗೆಯೇ. ‘ಐ ಟೇಕ್ ಇಂಗ್ಲಿಷ್ ಕ್ಲಾಸಸ್’ ಎಂದು ನಾನು ಮೊದಲ ದಿನ ಪರಿಚಯ ಹೇಳಿಕೊಂಡಾಗ, ಪಾಠ ಮಾಡುತ್ತೇನೆಂಬ ಅರ್ಥದಲ್ಲಿ ಹೇಳಿದ್ದೆ. ನಾನೂ ಇಂಗ್ಲಿಷ್ ಕಲಿಯುತ್ತಿರುವ ವಿದ್ಯಾರ್ಥಿಯೆಂದು ತಿಳಿದ ಒಬ್ಬರು ‘ಯಾರ ಹತ್ತಿರ?’ ಎಂದು ಕೇಳಿದ್ದರು. ಇನ್ನು ‘ಟೇಕ್ ಎ ಡಿಸಿಷನ್’ ಬ್ರಿಟಿಷರಲ್ಲಿಯೂ ಇದೆ, ಆದರೆ ‘ಮೇಕ್’ ಹೆಚ್ಚು ವ್ಯಾಪಕ, ಅಮೆರಿಕದವರು ಬಹುಮಟ್ಟಿಗೆ ಅದನ್ನೇ ಬಳಸುತ್ತಾರೆ. ಪರೀಕ್ಷೆಗೆ ಓದುವವರಿಗೆ ‘ಮೇಕ್’ ಹೇಳಿಕೊಡುವುದೇ ಕ್ಷೇಮ.

ಹಂತ 9: ವಾರದ ಅಭ್ಯಾಸ

ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಕೊಡಬೇಡಿ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಪೋಲಿಷ್ ಪದ, ಅದರ ಉಪಸರ್ಗಕ್ಕೆ ಅಡಿಗೆರೆ. ಬಲಪುಟದಲ್ಲಿ ಇಂಗ್ಲಿಷ್ ರೂಪ, ಕೊನೆಯ ಪುಟ್ಟ ಪದಕ್ಕೆ ಅಡಿಗೆರೆ. ಅದರ ಕೆಳಗೆ ಸರ್ವನಾಮವಿರುವ ಒಂದು ಸ್ವಂತ ವಾಕ್ಯ. ಪುಸ್ತಕದ ವಾಕ್ಯ ನಕಲು ಮಾಡಿದ್ದರೆ ಹೊಡೆದುಹಾಕಿ. ಟೇಕ್ ಇನ್ ಥರದವಕ್ಕೆ ಒಂದಿಡೀ ಪುಟ ಬಿಡಬೇಕು: ಗ್ರಹಿಸುವುದು, ಮೋಸಗೊಳಿಸುವುದು, ಬೀದಿಪಾಲಾದವರಿಗೆ ಮನೆಯಲ್ಲಿ ಆಸರೆ ಕೊಡುವುದು, ಸಡಿಲವಾದ ಬಟ್ಟೆಯನ್ನು ಹಿಡಿದು ಹೊಲಿಯುವುದು ಎಲ್ಲಕ್ಕೂ ಅದೊಂದೇ, ಪೋಲಿಷಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪದಗಳು. ಇವನ್ನು ಒಂದೇ ದಿನ ಕಲಿಸದೆ, ಒಂದೊಂದು ಅರ್ಥವನ್ನು ಒಂದೊಂದು ವಾರಕ್ಕೆ ಹಂಚಿ.

ಮೂರು ವಾರಗಳ ನಂತರ ಎಡಪುಟವನ್ನು ಕಾಗದದಿಂದ ಮುಚ್ಚಿ, ಮನೆಗೆ ಅತಿಥಿ ಬಂದ ಸನ್ನಿವೇಶವನ್ನು ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತನಾಡಿಸಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಅತಿಥಿಯ ಕೋಟು, ಬೂಟು, ಮಕ್ಕಳು ಯಾರನ್ನು ಹೋಲುತ್ತಾರೆ, ಒಲೆಯಿಂದ ತೆಗೆದ ಕೇಕ್, ತೆಗೆದ ಫೋಟೊ ಎಲ್ಲ ಅದರಲ್ಲಿ ಬರಲೇಬೇಕು. ದಾಖಲೆಯನ್ನು ವಿದ್ಯಾರ್ಥಿಯೇ ಕೇಳಿ, ಸರ್ವನಾಮ ತಪ್ಪು ಜಾಗದಲ್ಲಿ ಬಿದ್ದ ಕಡೆಯೆಲ್ಲ ನೋಟ್‌ಬುಕ್ಕಿನ ಆ ಪುಟದ ಮೂಲೆಯನ್ನು ಮಡಿಸಿಡಲಿ. ಮುಂದಿನ ವಾರದ ನಾಲ್ಕನ್ನು ಹೊಸದಾಗಿ ಹುಡುಕುವ ಬದಲು ಮಡಿಸಿದ ಪುಟಗಳಿಂದಲೇ ಆರಿಸಿಕೊಳ್ಳಿ.